ದುಂಡಮ್ಮನ ಮನೆಯ ಮೊದಲ ಬೆಂಕಿ

ಆ ಕಣಿವೆಯಲ್ಲಿ ಉಪ್ಪಿನ ಭರಣಿ ವರ್ಷವಿಡೀ ನೀರೊಡೆಯುತ್ತದೆ. ಬೆಂಕಿಪೆಟ್ಟಿಗೆಯನ್ನು ಅಕ್ಕಿಯ ಡಬ್ಬದೊಳಗೆ ಹೂತಿಡುತ್ತಾರೆ. ಒಗೆದ ಪಂಚೆ ಮೂರನೇ ದಿನಕ್ಕೂ ಒಣಗದೆ, ಕೊನೆಗೆ ಉಟ್ಟುಕೊಂಡೇ ಒಣಗಿಸಬೇಕಾಗುತ್ತದೆ.

ಹಾಗಾಗಿ ಅಲ್ಲಿ ಪ್ರತಿ ಮನೆಯ ಗೋಡೆಯಲ್ಲೂ ಒಂದು ಅಗ್ಗಿಷ್ಟಿಕೆ, ಅದರ ಮೇಲೆ ಛಾವಣಿ ದಾಟಿ ಹೋಗುವ ಹೊಗೆಗೂಡು. ತೇವ ಎರಡನ್ನೂ ಬಿಡುವುದಿಲ್ಲ. ಗಾರೆ ಉದುರುತ್ತದೆ, ಇಟ್ಟಿಗೆ ಸಡಿಲವಾಗುತ್ತದೆ, ಮಸಿ ಒದ್ದೆಯಾಗಿ ಗಟ್ಟಿ ಕಟ್ಟುತ್ತದೆ. ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಮೊದಲು, ಯಾರಾದರೂ ಬಂದು ಸರಿಮಾಡಲೇಬೇಕು.

ಆ ಯಾರಾದರೂ ಎಂದರೆ ನದಿಯ ಮೇಲಿನ ದಿಬ್ಬದ ಆಶ್ರಮದವರು. ಅಲ್ಲಿನ ಗುರುಗಳನ್ನು ಎಲ್ಲರೂ ಅಜ್ಜಯ್ಯ ಎನ್ನುತ್ತಿದ್ದರು. ಆತ್ಮ, ಪರಮಾತ್ಮ ಎಂದು ಕೇಳಿಕೊಂಡು ದೂರದಿಂದ ಬಂದವರ ಕೈಗೆ ಅವರು ಮೊದಲು ಮಣ್ಣು ಹೊರುವ ಬಾಂಡ್ಲಿ ಕೊಡುತ್ತಿದ್ದರು. ಬಹಳ ಜನ ಮರುದಿನವೇ ಊರು ಸೇರುತ್ತಿದ್ದರು.

ಬಸಲಿಂಗ ಮಾತ್ರ ಉಳಿದ. ಆರು ವರ್ಷ ಮಣ್ಣು ಕಲಸಿದ, ಮಸಿ ಕೆರೆದ, ಜಾರುವ ಹೆಂಚಿನ ಮೇಲೆ ನಡೆಯುವುದನ್ನು ಕಲಿತ.

ಅವನಿಗೆ ಇದ್ದದ್ದು ಒಂದೇ ಆಸೆ. ಅಜ್ಜಯ್ಯ ಗಾರೆ ಬಳಿಯುವ ಕರಣೆ ತನ್ನ ಕೈಗೆ ಬರಬೇಕು. ಅದರ ಹಿಡಿ ಅವರ ಹೆಬ್ಬೆರಳಿಗೆ ಸವೆದು ಗುಳಿ ಬಿದ್ದಿತ್ತು. ಅದನ್ನು ಅವರು ಯಾರಿಗಾದರೂ ಕೊಟ್ಟರೆ, ಅವನಿಗೆ ಇನ್ನು ಕಲಿಸುವುದು ಉಳಿದಿಲ್ಲವೆಂದು ಅರ್ಥ.

ಆ ಮಳೆಗಾಲದಲ್ಲಿ ಅಜ್ಜಯ್ಯ ಒಂದು ಛಾವಣಿಯಿಂದ ಜಾರಿ ಮೊಣಕಾಲು ಮುರಿದುಕೊಂಡರು. ಬಸಲಿಂಗನನ್ನು ಕರೆದರು.

"ಈ ವರ್ಷ ನಲವತ್ತು ಮನೆಗೂ ನೀನೊಬ್ಬನೇ ಹೋಗು. ಮುಗಿದ ದಿನ ಕರಣೆ ನಿಂದು."

ಬಸಲಿಂಗ ಅವರ ಕಾಲಿಗೆ ಬಿದ್ದ. ಸಂತೋಷಕ್ಕೆ ಮುರಿದ ಕಾಲು ಯಾವುದೆಂದು ನೋಡಲಿಲ್ಲ. ಅಜ್ಜಯ್ಯ ಹಲ್ಲು ಕಚ್ಚಿಕೊಂಡು ಆಶೀರ್ವಾದ ಮಾಡಿದರು.

ಆ ಕೆಲಸಕ್ಕೆ ಒಂದು ಕಟ್ಟಳೆ ಇತ್ತು. ಸರಿಮಾಡಿದ ಅಗ್ಗಿಷ್ಟಿಕೆಯಲ್ಲಿ ಮೊದಲ ಬೆಂಕಿ ಮನೆಯವರದ್ದಲ್ಲ, ಕೆಲಸ ಮಾಡಿದವನದ್ದು. ಮನೆಯವರೆಲ್ಲ ಹೊರಗೆ ಹೋಗಬೇಕು. ಅವನು ಕದ, ಕಿಟಕಿ ಮುಚ್ಚಿ, ಬೆಂಕಿ ಹಚ್ಚಿ, ಇಟ್ಟ ಸೌದೆ ಬೂದಿಯಾಗುವವರೆಗೆ ಒಬ್ಬನೇ ಅದರ ಮುಂದೆ ಕೂರಬೇಕು.

ಆ ಕಣಿವೆಯಲ್ಲಿ ಗಾರೆ ತಾನಾಗಿ ಒಣಗುವುದಿಲ್ಲ. ಮೊದಲ ಬೆಂಕಿಯ ಕಾವಿಗೇ ಒಣಗಬೇಕು, ಬೀಳುವುದಿದ್ದರೂ ಆಗಲೇ ಬೀಳುತ್ತದೆ. ಬಿದ್ದರೆ ಹೊಗೆ ಕೆಲಸ ಮಾಡಿದವನ ಗಂಟಲಿಗೆ ಹೋಗಲಿ, ಮನೆಯವರ ಗಂಟಲಿಗೆ ಬೇಡ ಎಂದು ಹಿಂದಿನವರು ಹೀಗೆ ಮಾಡಿಟ್ಟಿದ್ದರು.

ಹಸಿ ಸೌದೆ ಬೂದಿಯಾಗಲು ಅರ್ಧ ದಿನ ಬೇಕು. ಕಣ್ಣು ಉರಿಯುತ್ತದೆ, ಬೆನ್ನು ನೋಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಬೇಸರ ಬರುತ್ತದೆ.

ಪ್ರತಿ ಸಂಜೆ ಬಸಲಿಂಗ ದಿಬ್ಬ ಹತ್ತಿ ಬಂದಾಗ ಅಜ್ಜಯ್ಯ ಗೋಡೆಗೊರಗಿ ಕಾದಿರುತ್ತಿದ್ದರು. ಗಾರೆ ಎಷ್ಟು ಹಿಡಿಯಿತು, ಇಟ್ಟಿಗೆ ಎಷ್ಟು ಬದಲಾಯಿತು, ಯಾವುದನ್ನೂ ಕೇಳುತ್ತಿರಲಿಲ್ಲ. ಕೇಳುತ್ತಿದ್ದದ್ದು ಒಂದೇ.

"ಕೂತಿದ್ದಾ?"

"ಕೂತಿದ್ದೆ ಅಜ್ಜಯ್ಯ."

"ಗೊತ್ತಾಗ್ತಿದೆ ಬಿಡು. ಆ ಕಡೆ ಕೂತ್ಕೋ. ಹೊಗೆ ನಾರ್ತಿದ್ದೀಯ."

ಇಬ್ಬರೂ ನಗುತ್ತಿದ್ದರು. ಮೂವತ್ತೇಳು ಸಂಜೆ ಹೀಗೇ ಆಯಿತು.

ಮೂವತ್ತೆಂಟನೆಯದು ನದಿ ದಡದ ದುಂಡಮ್ಮನ ಮನೆ.

ದುಂಡಮ್ಮನ ಮಗ ಕೆಂಚಪ್ಪ ಹರಿಗೋಲು ಹಾಕುತ್ತಿದ್ದ. ಆಚೆ ದಡ ಉದ್ದಕ್ಕೂ ಮರಳು, ಎಲ್ಲಿ ಮುಟ್ಟಿದರೂ ಆದೀತು. ಈಚೆ ದಡದಲ್ಲಿ ಇಳಿಯಲು ಒಂದೇ ಜಾಗ, ಅದರ ಕೆಳಗೆಲ್ಲ ಬಂಡೆ ಮತ್ತು ಸೆಳೆತ. ಬೆಳಗಿನ ಮಂಜಿನಲ್ಲಿ ಹರಿಗೋಲಿನವನಿಗೆ ತನ್ನ ಕೈಯಲ್ಲಿನ ಹುಟ್ಟೇ ಕಾಣುವುದಿಲ್ಲ.

ಅದಕ್ಕೇ ದುಂಡಮ್ಮ ಪ್ರತಿ ಬೆಳಿಗ್ಗೆ ದಡದ ಚಪ್ಪಟೆ ಕಲ್ಲಿನ ಮೇಲೆ ಕೂತು ಕೂಗುತ್ತಿದ್ದಳು. "ಬನ್ನಿ ಓ... ಇತ್ತ ಬನ್ನಿ ಓ..." ಆ ದನಿ ಹಿಡಿದು ಕೆಂಚಪ್ಪ ಈಚೆ ಬರುತ್ತಿದ್ದ. ಹಾಲಿನವರು, ಸೊಪ್ಪಿನವರು, ಶಾಲೆಯ ಮಕ್ಕಳು, ಎಲ್ಲರೂ ಅವಳ ದನಿಯ ಮೇಲೆಯೇ ನದಿ ದಾಟಿದವರು. ಆಶ್ರಮದಲ್ಲಿ ಬಸಲಿಂಗ ಏಳುತ್ತಿದ್ದದ್ದೂ ಅದೇ ಕೂಗಿಗೆ.

ಅವಳು ಅವನನ್ನು ಮಸಿಸ್ವಾಮಿ ಎಂದು ಕರೆಯುತ್ತಿದ್ದಳು. ಅವನಿಗೆ ಸಿಟ್ಟು ಬಂದರೆ ಇನ್ನೂ ಗಟ್ಟಿಯಾಗಿ ಕರೆಯುತ್ತಿದ್ದಳು.

ಆ ದಿನ ಹೊಗೆಗೂಡಿನ ತಿರುವಿನಲ್ಲಿ ಹಳೆಯ ಗಾರೆಯೆಲ್ಲ ಕಳಚಿತ್ತು. ಬಸಲಿಂಗ ಹೊಸದು ದಪ್ಪಗೆ ಬಳಿದ. ಕೆಲಸ ಚೆನ್ನಾಗಿಯೇ ಬಂತು. ಮುಗಿಸುವಾಗ ಮಧ್ಯಾಹ್ನ ದಾಟಿತ್ತು, ಹೊರಗೆ ತುಂತುರು ಶುರುವಾಗಿತ್ತು.

ದುಂಡಮ್ಮನ ಸೊಸೆ ಪುಟ್ಟಗೌರಿ ಬಾಣಂತಿ. ಹನ್ನೊಂದು ದಿನದ ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಜಗಲಿಯ ಮೇಲೆ ಕಾಯುತ್ತಿದ್ದಳು. ಕೂಸು ಅಳುತ್ತಿತ್ತು.

ಬಸಲಿಂಗ ಕದ ತೆರೆದಿಟ್ಟುಕೊಂಡೇ ಬೆಂಕಿ ಹಚ್ಚಿದ. ಹೊಗೆ ಸುಮ್ಮನೆ ಮೇಲಕ್ಕೆ ಹೋಯಿತು. ಅವನು ಎದ್ದು ಹೊರಗೆ ಬಂದ.

"ಒಳಗೆ ಹೋಗಿ. ಕೂಸಿಗೆ ಶೀತ ಆಗತ್ತೆ."

ದುಂಡಮ್ಮ ಅವನ ಮುಖ ನೋಡಿದಳು. "ಕೂರಲ್ವಾ ಮಸಿಸ್ವಾಮಿ? ಅಜ್ಜಯ್ಯ ಆದ್ರೆ ಕೂರ್ತಿದ್ರು."

"ಹೊಗೆ ನೆಟ್ಟಗೆ ಹೋಗ್ತಿದೆ ಅವ್ವ. ಏನೂ ಭಯ ಇಲ್ಲ."

ಕೂಸಿನ ಮೇಲೆ ಅವನಿಗೆ ಮರುಕ ಬಂದದ್ದು ಸುಳ್ಳಲ್ಲ. ಆದರೆ ಇನ್ನು ಎರಡೇ ಮನೆ ಉಳಿದಿದ್ದವು, ಕರಣೆಯ ಆ ಸವೆದ ಹಿಡಿ ಅವನ ಕಣ್ಣಿಗೆ ಕಟ್ಟಿತ್ತು. ಮರುಕ ಒಳ್ಳೆಯ ಹೊತ್ತಿಗೆ ಒದಗಿ ಬಂತು ಅಷ್ಟೆ. ಮನುಷ್ಯ ತಪ್ಪು ಮಾಡುವಾಗ ಒಂದು ಒಳ್ಳೆಯ ಕಾರಣವನ್ನು ಜೊತೆಗೆ ಕರೆದುಕೊಂಡೇ ಹೋಗುತ್ತಾನೆ.

ಮಳೆಯಲ್ಲಿ ನೆನೆಯುತ್ತಾ ಅವನು ದಿಬ್ಬ ಹತ್ತಿದ. ಇನ್ನೂ ಬೆಳಕಿತ್ತು.

"ಕೂತಿದ್ದಾ?"

"ಕೂತಿದ್ದೆ ಅಜ್ಜಯ್ಯ."

ಅಜ್ಜಯ್ಯ ಅವನನ್ನು ನೋಡಿದರು. ಹೊರಗೆ ಸುರಿಯುತ್ತಿದ್ದ ಮಳೆಯನ್ನು ನೋಡಿದರು. ಆ ಸಂಜೆ ಇಬ್ಬರೂ ನಗಲಿಲ್ಲ.

"ಹೋಗಿ ಬಟ್ಟೆ ಬದಲಾಯಿಸಿ ಊಟ ಮಾಡು," ಎಂದರು.

ಮರುದಿನ ಬಸಲಿಂಗನಿಗೆ ಎಚ್ಚರವಾದಾಗ ಹೊತ್ತು ಮೀರಿತ್ತು. ನದಿಯ ಕಡೆಯಿಂದ ಕೂಗು ಬಂದಿರಲಿಲ್ಲ. ಮುಖವನ್ನೂ ತೊಳೆಯದೆ ಅವನು ಅಂಗಳಕ್ಕೆ ಬಂದು ನಿಂತ.

ಕೆಂಚಪ್ಪ ದಿಬ್ಬ ಹತ್ತಿ ಬಂದ. ಅವನು ಬೈಯಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದ.

ಸಂಜೆ ದೀಪ ಹಚ್ಚಿ, ಪುಟ್ಟಗೌರಿ ಚಳಿಗೆ ಕದ ಮುಚ್ಚಿ ಕೂಸಿನ ಜೊತೆ ಮಲಗಿದ್ದಳು, ದುಂಡಮ್ಮ ಹೊರಗಿದ್ದಳು. ತಿರುವಿನ ಹಸಿ ಗಾರೆ ಕಾವಿಗೆ ಸಡಿಲಿ ಒಟ್ಟಿಗೇ ಕುಸಿದು ಹೊಗೆಗೂಡನ್ನು ಮುಚ್ಚಿಬಿಟ್ಟಿತ್ತು. ಹೊಗೆಯೆಲ್ಲ ಮನೆಯೊಳಗೆ ತಿರುಗಿತು. ಕೆಂಚಪ್ಪ ಹರಿಗೋಲು ಕಟ್ಟಿ ಬರುವಷ್ಟರಲ್ಲಿ ದುಂಡಮ್ಮ ಒಳಗೆ ನುಗ್ಗಿ ಕೂಸನ್ನು ಹೊರಗೆ ತಂದಿದ್ದಳು. ಮತ್ತೆ ಹೋಗಿ, ಎಚ್ಚರ ತಪ್ಪಿದ್ದ ಸೊಸೆಯನ್ನು ಎಳೆದು ತಂದಿದ್ದಳು. ಎರಡನೇ ಸಲ ಒಳಗೆ ಬಹಳ ಹೊತ್ತಾಗಿತ್ತು.

"ಕೂಸು, ಗೌರಿ ಹುಷಾರಾಗಿದ್ದಾರೆ," ಎಂದ ಕೆಂಚಪ್ಪ. "ಅವ್ವನೂ ಉಸಿರಾಡ್ತಿದ್ದಾಳೆ. ಗಂಟಲು ಸುಟ್ಟುಹೋಗಿದೆ. ಇನ್ನು ದನಿ ಬರಲ್ಲ ಅಂದ್ರು ವೈದ್ಯರು."

ಅಷ್ಟು ಹೇಳಿ ಅವನು ಇಳಿದುಹೋದ.

ಬಸಲಿಂಗ ಅಜ್ಜಯ್ಯನ ಮುಂದೆ ಕೂತ.

"ನಾನು ಕೂರಲಿಲ್ಲ ಅಜ್ಜಯ್ಯ. ಸುಳ್ಳು ಹೇಳಿದೆ."

ಅಜ್ಜಯ್ಯ ಅವನ ಮುಖ ನೋಡಲಿಲ್ಲ. ಗೂಟಕ್ಕೆ ತೂಗುಹಾಕಿದ್ದ ಕರಣೆಯನ್ನು ತೆಗೆದು ಅವನತ್ತ ಚಾಚಿದರು.

ಬಸಲಿಂಗ ಕೈ ಹಿಂದಕ್ಕೆಳೆದುಕೊಂಡ. "ಬೇಡ ಅಜ್ಜಯ್ಯ. ಈಗ ಬೇಡ."

"ಈಗಲೇ ಬೇಕು. ಆ ಗೂಡನ್ನ ಯಾರು ಸರಿಮಾಡ್ತಾರೆ?"

ಆರು ವರ್ಷ ಬಯಸಿದ ಕರಣೆ ಅವನ ಕೈಗೆ ಹಾಗೆ ಬಂತು. ಗುಳಿ ಬಿದ್ದ ಹಿಡಿಯ ಮೇಲೆ ಅವನ ಹೆಬ್ಬೆರಳು ಸರಿಯಾಗಿ ಕೂರಲೂ ಇಲ್ಲ.

ಅವನು ಗೂಡನ್ನು ಬಿಚ್ಚಿ ಮತ್ತೆ ಕಟ್ಟಿದ. ಗಾರೆಯನ್ನು ತೆಳ್ಳಗೆ ಮೂರು ಸಲ ಬಳಿದ. ಮೂರು ಸಲವೂ ಕದ ಮುಚ್ಚಿ ಬೆಂಕಿ ಹಚ್ಚಿ, ಬೂದಿಯಾಗುವವರೆಗೆ ಕೂತ. ಅಳುವುದಕ್ಕೆ ಅದು ಅನುಕೂಲವಾದ ಜಾಗ. ಹೊಗೆಗೆ ಕಣ್ಣೀರು ಬಂತೆಂದು ಹೇಳಿಕೊಳ್ಳಬಹುದು.

ಮೂರನೇ ದಿನ ಹೊರಗೆ ಬಂದಾಗ ದುಂಡಮ್ಮ ಜಗಲಿಯ ಮೇಲೆ ಕೂಸನ್ನು ಮಲಗಿಸಿಕೊಂಡು ಕೂತಿದ್ದಳು. ಏನೋ ಹೇಳಿದಳು. ಅವನಿಗೆ ಕೇಳಿಸಲಿಲ್ಲ. ಅವಳ ಬಾಯಿಯ ಹತ್ತಿರ ಕಿವಿ ತಂದ.

"ಕೂಸನ್ನ ಒಳಗೆ ಕರ್ಕೊಂಡು ಹೋಗ್ಬಹುದಾ?"

ಬರೀ ಉಸಿರು, ಅದಕ್ಕೆ ದನಿಯಿರಲಿಲ್ಲ. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ತಲೆಯಾಡಿಸಿ, ಅವಳ ಮುಖ ನೋಡಲಾರದೆ ಸಾಮಾನು ಕಟ್ಟಿಕೊಂಡ.

ಬೆಳಗಿನ ಹರಿಗೋಲು ನಿಂತಿತು. ಮಂಜು ಕರಗುವುದು ಹತ್ತು ಗಂಟೆಗೆ. ಅಷ್ಟು ಹೊತ್ತಿಗೆ ಹಾಲು ಒಡೆಯುತ್ತಿತ್ತು, ಶಾಲೆ ಶುರುವಾಗಿರುತ್ತಿತ್ತು.

ಬಸಲಿಂಗ ಆಶ್ರಮದ ಗಂಟೆ ತಂದು ದಡದಲ್ಲಿ ಕಟ್ಟಿ ಬಾರಿಸಿದ. ಗಂಟೆಯ ನಾದ ಎರಡೂ ಬೆಟ್ಟಕ್ಕೆ ಬಡಿದು ಎಲ್ಲ ಕಡೆಯಿಂದ ಬರುತ್ತೆ, ಅದನ್ನು ನಂಬಿದರೆ ಬಂಡೆಗೇ ಹೋಗಿ ಬಡಿಯಬೇಕು ಎಂದ ಕೆಂಚಪ್ಪ. ಮನುಷ್ಯರು ಕೂಗಿದರೆ ಮಾತ್ರ ಎಲ್ಲಿಂದ ಅಂತ ತಿಳಿಯುತ್ತೆ ಎಂದ.

ಮಾರನೇ ದಿನ ಬಸಲಿಂಗ ಹೋಗಿ ಆ ಚಪ್ಪಟೆ ಕಲ್ಲಿನ ಮೇಲೆ ಕೂತ.

ಅವನ ದನಿ ನದಿಯ ಅರ್ಧಕ್ಕೂ ಮುಟ್ಟಲಿಲ್ಲ. ಕೆಂಚಪ್ಪ ಖಾಲಿ ಹರಿಗೋಲು ಹಾಕಿ ಪರೀಕ್ಷೆ ಮಾಡಿದ, ಬಂಡೆಯ ಹತ್ತಿರ ಹೋಗಿ ಪ್ರಾಣ ಉಳಿಸಿಕೊಂಡು ಬಂದ. ಎರಡನೇ ದಿನವೂ ಹಾಗೇ ಆಯಿತು.

ಮೂರನೇ ದಿನ ಯಾರೋ ಹಿಂದೆ ಬಂದು ಕೂತದ್ದು ತಿಳಿಯಿತು. ದುಂಡಮ್ಮ. ಅವಳು ಅಂಗೈಯನ್ನು ಅವನ ಬೆನ್ನಿನ ಮೇಲಿಟ್ಟು, ಕೂಗು ಎಲ್ಲಿ ಶುರುವಾಗಬೇಕೆಂದು ಒತ್ತಿ ತೋರಿಸಿದಳು. ಆತುರಪಟ್ಟಾಗ ಬೆರಳಿನಿಂದ ತಟ್ಟಿದಳು. ಉಸಿರು ಪೂರ್ತಿ ಎಳೆದುಕೊಳ್ಳುವವರೆಗೆ ಅವನನ್ನು ಬಿಡಲಿಲ್ಲ.

ಹೀಗೆ ಹನ್ನೆರಡು ದಿನ ಕಳೆದ ಮೇಲೆ ಹರಿಗೋಲು ನೆಟ್ಟಗೆ ಬಂದು ದಡ ಮುಟ್ಟಿತು. ಬಸಲಿಂಗ ತಿರುಗಿ ನೋಡಿದ. ದುಂಡಮ್ಮ ಅಳುತ್ತಿದ್ದಳು. ಅದು ಸಂತೋಷಕ್ಕೋ, ತನ್ನ ದನಿ ನೆನಪಾಗಿಯೋ, ಕೇಳುವ ಧೈರ್ಯ ಅವನಿಗೆ ಬರಲಿಲ್ಲ.

ಉಳಿದ ಎರಡು ಮನೆಗಳನ್ನು ಅವನು ಮಧ್ಯಾಹ್ನಗಳಲ್ಲಿ ಮುಗಿಸಿದ. ಪ್ರತಿ ಬೆಳಿಗ್ಗೆ ಕಲ್ಲಿನ ಮೇಲೆ ಕೂತ. ಚಳಿಗಾಲ ಬಂತು, ಜನ ಹಾಯಾಗಿ ನದಿ ದಾಟಿದರು. ಅವನಿಗೆ ಮಾತ್ರ ಎದೆ ಹಗುರಾಗಲಿಲ್ಲ. ಕೂಗಿದಾಗಲೆಲ್ಲ ಈ ಕೂಗು ತನ್ನದಲ್ಲ, ಕದ್ದು ತಂದದ್ದು ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ಬೆನ್ನ ಹಿಂದೆ ಕೋಲಿನ ಸದ್ದಾಯಿತು. ಅಜ್ಜಯ್ಯ. ಕಾಲು ಮುರಿದ ಮೇಲೆ ಅವರು ಆಶ್ರಮದ ಹೊಸ್ತಿಲು ದಾಟಿರಲಿಲ್ಲ. ದಿಬ್ಬದ ಮೆಟ್ಟಿಲನ್ನೆಲ್ಲ ಹೇಗೆ ಇಳಿದರೋ, ಪಂಚೆಯೆಲ್ಲ ಕೆಸರಾಗಿತ್ತು.

"ಕೂತಿದ್ದೀಯಾ?"

"ಕೂತಿದ್ದೀನಿ ಅಜ್ಜಯ್ಯ."

ಮಂಜು ದಟ್ಟವಾಗಿತ್ತು. ಆಚೆ ದಡದಲ್ಲಿ ಕೆಂಚಪ್ಪ ಜನರನ್ನು ಹತ್ತಿಸಿಕೊಳ್ಳುವ ಸದ್ದು ಕೇಳುತ್ತಿತ್ತು.

ಬಸಲಿಂಗನೊಳಗೆ ಎಷ್ಟೋ ದಿನದಿಂದ ಇದ್ದ ಪ್ರಶ್ನೆ ಆಗ ಹೊರಗೆ ಬಂತು.

"ಆ ದಿನ ನಾನು ಹೇಳಿದ್ದು ಸುಳ್ಳು ಅಂತ ನಿಮಗೆ ತಿಳೀಲಿಲ್ವಾ?"

"ತಿಳೀತು. ನಿನ್ನ ಬಟ್ಟೇಲಿ ಹೊಗೆ ವಾಸನೆ ಇರ್ಲಿಲ್ಲ."

ಬಸಲಿಂಗ ತಿರುಗಿ ಅವರ ಮುಖ ನೋಡಿದ. ಆ ಮುಖ ಅವನಿಗೆ ಗೊತ್ತಿತ್ತು. ಇಷ್ಟು ದಿನವೂ ನದಿಗೆ ಬಗ್ಗಿದಾಗ ನೀರಿನಲ್ಲಿ ಅವನಿಗೆ ಕಂಡದ್ದು ಅದೇ ತಪ್ಪಿತಸ್ಥನ ಮುಖ, ವಯಸ್ಸು ಮಾತ್ರ ಬೇರೆ.

"ಮತ್ತೆ ನನ್ನ ವಾಪಸ್ಸು ಯಾಕೆ ಕಳಿಸ್ಲಿಲ್ಲ?"

ಅಜ್ಜಯ್ಯ ಕೋಲನ್ನು ಕೆಳಗಿಟ್ಟರು. ಒಂದು ಕೈಯನ್ನು ಕಲ್ಲಿಗೆ ಊರಿಕೊಂಡರು.

"ಮಳೆ ಬರ್ತಿತ್ತು. ನೀನು ನೆನೆದು ಬಂದಿದ್ದೆ. ಬೆಳಿಗ್ಗೆ ಕೇಳಿದ್ರಾಯ್ತು ಅಂದ್ಕೊಂಡೆ... ಸ್ವಲ್ಪ ಜರುಗು ಮಗಾ. ನಾನೂ ಕೂರ್ತೀನಿ."