ಮೂರು ಕೂಗು ಎಣಿಸಿದ ಚಿಕ್ಕಬೋರ

ಹೂಂಗುಟ್ಟೋರು ಹತ್ತಿರ ಬನ್ನಿ, ಆಕಳಿಸೋರು ಹಿಂದಕ್ಕೆ ಸರೀರಿ. ಚಿಕ್ಕಬೋರನ ಕತೆ ಹೇಳ್ತೀನಿ.

ಹೊಂಬಾಳಮ್ಮ ಅಂತ ಒಬ್ಬಳು ತಾಯಿ. ಅವಳಿಗೆ ಒಬ್ಬನೇ ಮಗ, ಚಿಕ್ಕಬೋರ. ವಯಸ್ಸು ಇಪ್ಪತ್ತಾರು. ಆಳು ಗಟ್ಟಿ, ಮನಸ್ಸು ಬೆಣ್ಣೆ. ತಲೆ ಮಾತ್ರ ಹೇಳಿದ್ದನ್ನ ಹೇಳಿದ ಹಾಗೇ ಹಿಡ್ಕೊಳ್ಳೋ ತಲೆ. "ಸ್ವಲ್ಪ ತಲೆ ಓಡಿಸ್ಲಾ" ಅಂದರೆ ಬೀದಿ ಉದ್ದಕ್ಕೂ ಓಡಿ ಬರೋನು. "ತಲೆ ಒಂದನ್ನೇ ಹೆಂಗವ್ವ ಓಡಿಸ್ಲಿ? ಕಾಲೂ ಬಂದುಬಿಡ್ತವೆ!" ಅನ್ನೋನು.

ಹೊಂಬಾಳಮ್ಮ ಹಣೆ ಚಚ್ಚಿಕೊಳ್ಳೋಳು. ಅವನ ಪೆದ್ದುತನಕ್ಕಿಂತ ಅವಳಿಗೆ ದೊಡ್ಡ ಕೊರಗು ಇನ್ನೊಂದಿತ್ತು. ಮಗನಿಗೆ ಒಬ್ಬ ಗೆಳೆಯ ಇರಲಿಲ್ಲ. ಹಬ್ಬ ಬಂದರೂ ಒಬ್ಬನೇ, ಜಗಲಿ ಮೇಲೂ ಒಬ್ಬನೇ.

ಆ ಊರಲ್ಲಿ ಸೈಕಲ್ ಶಾಪಿನ ಕೆಂಚಣ್ಣ, ಟೈಲರ್ ದ್ಯಾವಣ್ಣ ಅಂತ ಇಬ್ಬರು. ಭಾನುವಾರ ಅಂಗಡಿ ಮುಚ್ಚಿ ಸೈಕಲ್ ಶಾಪಿನ ಹಿಂದಿನ ಅಂಗಳದಲ್ಲಿ ಚೌಕಾಬಾರ ಆಡೋರು. ಆಡಿ ಹಸಿವಾದರೆ ಮೂರು ಕಲ್ಲು ಹೂಡಿ, ಫೋನಲ್ಲಿ ನೋಡ್ಕೊಂಡು ಏನಾದರೂ ಹೊಸ ಅಡುಗೆ ಮಾಡೋರು. ಇಬ್ಬರಿಗೂ ಅಡುಗೆ ಬರ್ತಿರಲಿಲ್ಲ. ಬರಲ್ಲ ಅಂತ ಗೊತ್ತೂ ಇರಲಿಲ್ಲ.

ಹೊಂಬಾಳಮ್ಮ ಹೋಗಿ ಕೈ ಮುಗಿದಳು. "ಕೆಂಚಣ್ಣ, ನನ್ನ ಮಗನ್ನೂ ಜೊತೇಲಿ ಸೇರಿಸ್ಕೊಳಪ್ಪ."

"ಬರಲಿ ಬಿಡವ್ವ. ಸೌದೆ ತರೋಕೆ ಒಬ್ಬ ಬೇಕಾಗಿತ್ತು!"

ಸರಿ, ಮೊದಲನೇ ಭಾನುವಾರ ಉಪ್ಪಿಟ್ಟು. ದ್ಯಾವಣ್ಣ ಫೋನು ನೋಡ್ತಾ ಇದ್ದ. ಕೆಂಚಣ್ಣ ಈರುಳ್ಳಿ ಹೆಚ್ಚುತಾ ಹೇಳಿದ, "ಬೋರ, ಉಪ್ಪು ಹಾಕು. ಕೈ ಹಿಡಿದು ಹಾಕು, ತಿಳೀತಾ?"

"ತಿಳೀತು!" ಅಂದ ಬೋರ. ಎಡಗೈಲಿ ಕೆಂಚಣ್ಣನ ಕೈ ಗಟ್ಟಿಯಾಗಿ ಹಿಡ್ಕೊಂಡ, ಬಲಗೈಲಿ ಉಪ್ಪಿನ ಡಬ್ಬಿ ಬಗ್ಗಿಸಿದ. ಡಬ್ಬಿ ಖಾಲಿ!

"ಬಿಡ್ಲಾ ಕೈಯ! ಏನ್ಲಾ ಇದು?"

"ನೀವೇ ಅಂದ್ರಲ್ಲ, ಕೈ ಹಿಡಿದು ಹಾಕು ಅಂತ!"

ಉಪ್ಪಿಟ್ಟು ನಾಯಿಯೂ ಮೂಸಲಿಲ್ಲ. ರವೆ ಮೊದಲೇ ಗಂಟುಗಂಟಾಗಿತ್ತು, ಆ ಮಾತು ಯಾರೂ ಎತ್ತಲಿಲ್ಲ. ಎಲ್ಲಾ ತಪ್ಪು ಉಪ್ಪಿನದೇ ಆಯ್ತು.

ಮನೆಗೆ ಬಂದ. ಹೊಂಬಾಳಮ್ಮ ಬೈದಳು. "ಅಯ್ಯೋ ಮಂಕೇ! ಕೈ ಹಿಡಿಯೋದು ಅಂದ್ರೆ ಕಮ್ಮಿ ಹಾಕೋದು ಕಣ್ಲಾ! ಏನೇ ಹಾಕು ಅಂದ್ರೂ ಮೊದಲು ಒಂದೇ ಒಂದು ಚೂರು ನಾಲಗೆ ಮೇಲಿಟ್ಟು ರುಚಿ ನೋಡು, ಆಮೇಲೆ ಹಾಕು. ತಿಳೀತಾ?"

"ತಿಳೀತು ಕಣವ್ವ! ಇನ್ಮೇಲೆ ಹಂಗೇ ಮಾಡ್ತೀನಿ."

ಮುಂದಿನ ಭಾನುವಾರ ಚೌಕಾಬಾರಕ್ಕೆ ಮೂರನೇ ಆಳು ಬೇಕಾಯ್ತು. ಬೋರನ್ನ ಕೂರಿಸಿದರು. ದ್ಯಾವಣ್ಣ ನಾಲ್ಕು ಕವಡೆ ಅವನ ಕೈಗೆ ಕೊಟ್ಟು, "ಹಾಕ್ಲಾ ಬೋರ!" ಅಂದ.

ಹಾಕು ಅಂದರಲ್ಲ! ಬೋರ ಒಂದು ಕವಡೆ ತೆಗೆದು ನಾಲಗೆ ಮೇಲಿಟ್ಟ. ಚಪ್ಪರಿಸಿದ. "ಸಪ್ಪೆ ಅದೆ ಕಣಣ್ಣ..." ಅನ್ನೋಕೆ ಬಾಯಿ ತೆರೆದ. ಗುಳುಕ್! ಕವಡೆ ಒಳಗೆ.

"ಉಗೀಲಾ! ಉಗೀಲಾ!"

"ಹೋಯ್ತು ಕಣಣ್ಣ. ಇನ್ನೊಂದು ನೋಡ್ಲಾ?"

ಆಟ ಅಲ್ಲಿಗೇ ನಿಂತಿತು. ದ್ಯಾವಣ್ಣ ಆ ಹೊತ್ತಿಗೆ ಸೋಲ್ತಾ ಇದ್ದ. ಬೈದ, ಆದರೆ ಬಹಳ ಹೊತ್ತು ಬೈಲಿಲ್ಲ.

ಮನೇಲಿ ತಾಯಿ ಮೂರು ದಿನ ಬಾಳೆಹಣ್ಣು ತಿನ್ನಿಸಿದಳು, ಜೊತೆಗೆ ಬೈಗುಳಾನೂ ತಿನ್ನಿಸಿದಳು. "ಅಯ್ಯೋ ಮಂಕೇ! ಬಾಯಿಗೆ ಹಾಕ್ತಾರೇನ್ಲಾ? ಎರಡೂ ಕೈಲಿ ಹಿಡಿದು ಗಲಗಲ ಕುಲುಕಿ ನೆಲಕ್ಕೆ ಎಸೀಬೇಕು. ಎಷ್ಟು ಅಂಗಾತ ಬಿದ್ದವು ಅಂತ ಎಣಿಸಿ ಕೂಗಿ ಹೇಳಬೇಕು. ತಿಳೀತಾ?"

"ತಿಳೀತು ಕಣವ್ವ! ಇನ್ಮೇಲೆ ಹಂಗೇ ಮಾಡ್ತೀನಿ."

ಮೂರನೇ ಭಾನುವಾರ ಮೊಟ್ಟೆ ದೋಸೆ. ಕಾವಲಿ ಕಾದಿತ್ತು, ದೋಸೆ ಹುಯ್ದಾಗಿತ್ತು. ಕೆಂಚಣ್ಣ ಬುಟ್ಟಿ ತೋರಿಸಿ ಅಂದ, "ಬೇಗ ಮೊಟ್ಟೆ ಹಾಕ್ಲಾ!"

ಬೋರ ಎರಡೂ ಕೈಲಿ ಆರು ಮೊಟ್ಟೆ ತಗೊಂಡ. ಗಲಗಲ ಕುಲುಕಿದ. ನೆಲಕ್ಕೆ ಎಸೆದ. ಬಗ್ಗಿ ಎಣಿಸಿದ. ಎಣಿಸಿ ಬೀದಿಗೆಲ್ಲ ಕೇಳೋ ಹಾಗೆ ಕೂಗಿದ, "ಆರು! ಆರಕ್ಕಾರೂ ಅಂಗಾತ! ನಾನೇ ಗೆದ್ದೆ!"

ಕೆಂಚಣ್ಣ ಮೊಟ್ಟೆ ಬಳಿಯೋಕೆ ಓಡಿದ. ಕಾವಲಿ ಮೇಲೆ ದೋಸೆ ಕರಕಲಾಯ್ತು.

ಹೊಂಬಾಳಮ್ಮ ಅತ್ತಳು. ಅತ್ತು ಮುಗಿಸಿ ಬೈದಳು. "ಅಯ್ಯೋ ಮಂಕೇ! ಅಡುಗೆ ಸಾಮಾನು ಅಂದ್ರೆ ಜೋಪಾನ ಕಣ್ಲಾ! ಎಳೆ ಮಗು ಥರ ನೋಡ್ಕೋಬೇಕು. ಬಟ್ಟೆ ಸುತ್ತಿ ಮಡಿಲಲ್ಲಿಟ್ಕೋಬೇಕು. ತಿಳೀತಾ?"

"ತಿಳೀತು ಕಣವ್ವ! ಇನ್ಮೇಲೆ ಹಂಗೇ ಮಾಡ್ತೀನಿ."

ನಾಚಿಕೆಗೆ ಒಂದು ಭಾನುವಾರ ಅವಳು ಮಗನ್ನ ಕಳಿಸಲಿಲ್ಲ. ಆ ದಿನ ಅವರಿಬ್ಬರೇ ಪೊಂಗಲ್ ಮಾಡಿದರು. ತಳ ಹಿಡೀತು. ಕೆಂಚಣ್ಣ ದ್ಯಾವಣ್ಣನ ಮುಖ ನೋಡಿದ, ದ್ಯಾವಣ್ಣ ಕೆಂಚಣ್ಣನ ಮುಖ ನೋಡಿದ. ಬೈಯೋಣ ಅಂದರೆ ಯಾರೂ ಇಲ್ಲ! ಮಾರನೇ ದಿನ ಇಬ್ಬರೂ ಹೊಂಬಾಳಮ್ಮನ ಮನೆಗೇ ಬಂದರು. "ಬೋರನ್ನ ಕಳಿಸವ್ವ, ಅವನಿಲ್ಲದೆ ಬೇಜಾರು."

ಹೊಂಬಾಳಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡಳು. ನನ್ನ ಮಗನಿಗೂ ಗೆಳೆಯರಾದರಲ್ಲ ಅಂತ.

ಆಮೇಲಿನ ಭಾನುವಾರ ಕೆಂಚಣ್ಣ ಅಕ್ಕನ ಮನೆಯಿಂದ ಕುಕ್ಕರ್ ತಂದ. ಅನ್ನ ಒಲೆ ಮೇಲಿಟ್ಟು ಇಬ್ಬರೂ ಆಟಕ್ಕೆ ಕೂತರು. "ಬೋರ, ಅದು ಮೂರು ಸಲ ಕೂಗೋವರೆಗೂ ನೀನು ನೋಡ್ಕೋ."

ನೋಡ್ಕೊಂಡ. ಕುಯ್ಯ್ ಅಂತ ಕುಕ್ಕರ್ ಒಂದು ಸಲ ಕೂಗಿತು ನೋಡಿ, ಬೋರನ ಕರುಳು ಚುರುಕ್ ಅಂತು. "ಅಳ್ತಾ ಅದೆ!" ದ್ಯಾವಣ್ಣ ಗಿರಾಕಿಗೆ ಹೊಲಿದು ತಂದಿಟ್ಟಿದ್ದ ಎರಡು ಹೊಸ ಶರ್ಟು ಅಲ್ಲೇ ಇದ್ದವು. ಕುಕ್ಕರನ್ನ ಇಳಿಸಿ, ಶರ್ಟು ಸುತ್ತಿ, ಮಡಿಲಲ್ಲಿಟ್ಕೊಂಡು ತೂಗೋಕೆ ಶುರು ಮಾಡಿದ. "ಜೋ ಜೋ ಕಂದಾ, ಅಳಬ್ಯಾಡ ಕಂದಾ..."

ಗೆಳೆಯರು ಬಂದು ನೋಡಿದರು. ಅಕ್ಕಿ ಅಕ್ಕಿಯಾಗೇ ಇತ್ತು. ಶರ್ಟು ಮಸಿಯಾಗಿತ್ತು. ಬೋರನ ತೊಡೆ ಕೆಂಪಗಾಗಿತ್ತು.

"ಶ್! ಈಗ ತಾನೇ ಮಲಗ್ತು," ಅಂದ ಬೋರ.

ಹೊಂಬಾಳಮ್ಮ ಅವನ ತೊಡೆಗೆ ಎಣ್ಣೆ ಸವರ್ತಾ ಬೈದಳು. "ಅಯ್ಯೋ ಮಂಕೇ! ಕೂಗಿದ ತಕ್ಷಣ ಏಳಬಾರದು ಕಣ್ಲಾ! ಎಷ್ಟೇ ಕೂಗ್ಲಿ, ಅಲ್ಲಾಡದೆ ಕೂತು ಎಣಿಸಬೇಕು. ಮೂರನೇ ಕೂಗಿಗೆ ಎದ್ದು ನೀರು ಸುರಿದು ಆರಿಸಬೇಕು. ಆವಿಯೆಲ್ಲ ಹೋಗಿ ತಣ್ಣಗಾಗೋವರೆಗೂ, ಯಾರು ಏನೇ ಹೇಳ್ಲಿ, ತೆಗೀಬಾರದು. ತಿಳೀತಾ?"

"ತಿಳೀತು ಕಣವ್ವ! ಇನ್ಮೇಲೆ ಹಂಗೇ ಮಾಡ್ತೀನಿ."

ಅದೇ ವಾರ ಹೊಂಬಾಳಮ್ಮನ ಪಾಲಿಗೆ ದೇವರು ಕಣ್ಣು ಬಿಟ್ಟ. ಪಕ್ಕದೂರಿನ ಮುದ್ದಯ್ಯ ತನ್ನ ಮಗಳಿಗೆ ಗಂಡು ನೋಡೋಕೆ ಬರ್ತೀನಿ ಅಂತ ಹೇಳಿ ಕಳಿಸಿದ. ಹುಡುಗನಿಗೆ ಗೆಳೆಯರಿದ್ದಾರೆ, ಗೆಳೆಯರು ಇದ್ದಾರೆ ಅಂದ ಮೇಲೆ ಬುದ್ಧಿವಂತನೇ ಇರಬೇಕು ಅಂತ ಮುದ್ದಯ್ಯನ ಲೆಕ್ಕ. ಅವನು ಬರೋ ದಿನ ಕೆಂಚಣ್ಣ, ದ್ಯಾವಣ್ಣ ಶ್ಯಾವಿಗೆ ಪಾಯಸ ನಾವೇ ಮಾಡ್ತೀವಿ ಅಂತ ಹೊಂಬಾಳಮ್ಮನ ಹಿತ್ತಲಲ್ಲಿ ಒಲೆ ಹೂಡಿದರು. ಬೆಲ್ಲ ಹಾಕಿದರೆ ಹಾಲು ಒಡೆಯುತ್ತೋ ಇಲ್ಲವೋ ಅಂತ ಜಗಳಕ್ಕೆ ಬಿದ್ದರು. ಅಷ್ಟರಲ್ಲಿ ಹಾಲು ಒಡೀತು.

ಹೊಂಬಾಳಮ್ಮ ಮಗನಿಗೆ ಬಿಳಿ ಪಂಚೆ ಉಡಿಸಿದಳು. "ಮಾವ ಆಗೋರು ಬರ್ತಾರೆ. ನೀನು ಒಲೆ ಹತ್ರ ಹೋಗಬೇಡ, ಏನೂ ಮಾಡಬೇಡ. ನಾನು ಹೇಳಿದ ಬುದ್ಧಿ ಮಾತ್ರ ನೆನಪಿಟ್ಕೋ, ಸಾಕು." ಅಷ್ಟು ಹೇಳಿ ಪಕ್ಕದ ಮನೆಗೆ ಲೋಟ ತರೋಕೆ ಹೋದಳು.

ಬೋರ ಬಾಗಿಲು ಮುಂದೆ ಮಾಡಿ ನಡುಮನೇಲಿ ಕೂತ.

ಹೊರಗೆ ಮುದ್ದಯ್ಯ ಬಂದು ಕೂಗಿದ. "ಯಾರಿದ್ದೀರಿ ಮನೇಲಿ?"

"ಒಂದು," ಅಂದ ಬೋರ ಒಳಗೆ.

"ಅಮ್ಮಾ! ಹೊಂಬಾಳಮ್ಮಾ!"

"ಎರಡು."

"ಏನು, ಬಂದೋರನ್ನ ಕೇಳೋರೇ ಇಲ್ವಾ?"

"ಮೂರು!"

ಎದ್ದ. ತುಂಬಿದ ಬಿಂದಿಗೆ ಎತ್ತಿದ. ಬಾಗಿಲು ತೆರೆದು ಮುದ್ದಯ್ಯನ ರೇಷ್ಮೆ ರುಮಾಲಿನ ಮೇಲೆ ಬಿಂದಿಗೆ ಪೂರ್ತಿ ಸುರಿದ. ಬಾಗಿಲು ಹಾಕಿ ಅಗುಳಿ ಜಡಿದ.

ಹೊಂಬಾಳಮ್ಮ ಲೋಟ ಬಿಸಾಡಿ ಓಡಿ ಬಂದಳು. "ಏನ್ ಮಾಡ್ದೆಯೋ ಪಾಪಿ! ಬಾಗಿಲು ತೆಗೀಲಾ!"

"ತೆಗಿಯಲ್ಲ ಕಣವ್ವ! ಇನ್ನೂ ಬುಸುಗುಟ್ತಾ ಅವ್ರೆ!"

"ತೆಗೀಲಾ, ನಿನ್ನ ಕಾಲಿಗೆ ಬೀಳ್ತೀನಿ!"

"ಯಾರು ಏನೇ ಹೇಳಿದ್ರೂ ತೆಗೀಬೇಡ ಅಂದಿದ್ದೆಯಲ್ಲವ್ವ! ಆವಿ ಪೂರ್ತಿ ಹೋಗ್ಲಿ!"

ಮುದ್ದಯ್ಯ ರುಮಾಲು ಹಿಂಡಿದ. ಮೀಸೆ ಒರೆಸಿದ. ಬಂದ ದಾರೀಲೇ ತಿರುಗಿ, ಪಚಕ್ ಪಚಕ್ ಅಂತ ಎಕ್ಕಡ ಎಳೀತಾ ಹೊರಟುಹೋದ. ಹೊಂಬಾಳಮ್ಮ ಜಗಲಿ ಮೇಲೆ ಕುಸಿದು ಕೂತಳು.

ಬೋರ ಬಾಗಿಲಿಗೆ ಕಿವಿ ಕೊಟ್ಟ. ಸದ್ದಿಲ್ಲ. ಬುಸುಬುಸು ಇಲ್ಲ. ಕೈ ಸುಡಬಾರದು ಅಂತ ಅಗುಳಿಗೆ ಬಟ್ಟೆ ಹಿಡಿದು, ಮೆಲ್ಲಗೆ ತೆಗೆದು, ಬಾಗಿಲು ಅಗಲ ಮಾಡಿ ನಗ್ತಾ ನಿಂತ.

"ಬನ್ನಿ ಮಾವ, ಬನ್ನಿ! ಈಗ ಹದವಾಗಿದ್ದೀರಿ!"