ಓರೆ ಮುಖದ ಚಂದ್ರ

ಎರಡು ಗಾಜುಗಣ್ಣಿನ ಮರದ ಪೆಟ್ಟಿಗೆಯೊಂದರಲ್ಲಿ ಚಂದ್ರನ ಎರಡು ಫೋಟೋಗಳು ಅಕ್ಕಪಕ್ಕ ವಾಸವಾಗಿದ್ದವು. ಗಾಜಿಗೆ ಕಣ್ಣಿಟ್ಟವರಿಗೆ ಅವೆರಡೂ ಕೂಡಿ ಒಂದೇ ಚಂದ್ರನಾಗಿ, ಕೈಗೆ ಸಿಗುವಷ್ಟು ದುಂಡಗೆ ಎದ್ದು ನಿಲ್ಲುತ್ತಿದ್ದವು. ಮುದುಕರೂ ಹಿಡಿಯಲು ಕೈಚಾಚುತ್ತಿದ್ದರು. ಇದೆಲ್ಲ ತನ್ನೊಬ್ಬನ ಚೆಲುವೆಂದು ಎಡಗಡೆಯ ಫೋಟೋ ಬೀಗುತ್ತಿತ್ತು.

"ತಮ್ಮಾ, ನಿನ್ನ ಮುಖ ಓರೆ. ನನ್ನ ಕುಳಿಗಳಿರುವ ಜಾಗದಲ್ಲಿ ನಿನ್ನವಿಲ್ಲ," ಎಂದು ದಿನವೂ ಹಂಗಿಸುತ್ತಿತ್ತು.

"ಅಣ್ಣಾ, ನನ್ನನ್ನು ತೆಗೆದ ದಿನ ಚಂದ್ರ ತುಸು ಆಚೆ ಹೊರಳಿದ್ದ. ಕಂಡದ್ದನ್ನೇ ಇಟ್ಟುಕೊಂಡಿದ್ದೇನೆ," ಎನ್ನುತ್ತಿತ್ತು ಬಲಗಡೆಯದು.

ಒಂದು ಮಳೆಗಾಲ ಗೆದ್ದಲು ಬಂದು, "ಹಸಿವಾಗಿದೆ. ನಿಮ್ಮಲ್ಲಿ ಒಬ್ಬರು ಸಾಕು. ಯಾರು?" ಎಂದು ಕೇಳಿತು.

"ತಪ್ಪಾಗಿರುವುದನ್ನು ತಿನ್ನು," ಎಂದಿತು ಎಡಗಡೆಯದು.

"ಅಣ್ಣಾ, ಇನ್ನು ನೀನೊಬ್ಬನೇ..." ಎಂದು ತಮ್ಮ ಹೇಳುವಷ್ಟರಲ್ಲಿ ಗೆದ್ದಲು ಬಾಯಿ ಹಾಕಿತ್ತು.

ಮರುದಿನ ಒಬ್ಬ ಅಜ್ಜಿ ಗಾಜಿಗೆ ಕಣ್ಣಿಟ್ಟಳು. ಎಡಗಡೆಯದು ಎದೆಯುಬ್ಬಿಸಿ ಕಾಯಿತು. ಅಜ್ಜಿಯ ಕೈ ಮೇಲೇಳಲೇ ಇಲ್ಲ. "ಬರೀ ಕಾಗದ," ಎಂದು ಪೆಟ್ಟಿಗೆಯನ್ನು ಕೆಳಗಿಟ್ಟುಬಿಟ್ಟಳು.

"ನನ್ನಲ್ಲಿ ಒಂದು ಚುಕ್ಕಿಯೂ ತಪ್ಪಿಲ್ಲ, ನೀನಾದರೂ ಹೇಳು ತಮ್ಮಾ," ಎಂದು ಅದು ಬಲಕ್ಕೆ ತಿರುಗಿತು.

ಅಲ್ಲಿ ಒಂದು ಹಿಡಿ ಮಣ್ಣಿತ್ತು.