ಬಾಲ ಮೊದಲು ಮನೆ ಹೊಕ್ಕ ಹಾವುಮೀನು

ಕಡಲ ತಳದ ಮರಳಿನಲ್ಲಿ ಹಾವುಮೀನೊಂದಿತ್ತು. ಅದರ ಬಾಲದ ತುದಿ ಮೊಳೆಯಷ್ಟು ಗಟ್ಟಿ. ಅದನ್ನೇ ಮರಳಿಗೆ ಊರಿ, ಹಿಂದುಹಿಂದಕ್ಕೆ ಜಾರಿ ಬಿಲ ಸೇರುವುದು ಅದರ ಮನೆತನದ ಪದ್ಧತಿ. ಈ ಕೆಲಸದಲ್ಲಿ ತನ್ನನ್ನು ಮೀರಿಸುವವರು ಏಳು ಕಡಲಲ್ಲೂ ಇಲ್ಲವೆಂದು ಅದಕ್ಕೆ ಭಾರಿ ಜಂಬ.

ಒಂದು ದಿನ ಅದು ಹೀಗೆ ಬಿಲಕ್ಕಿಳಿಯುತ್ತಿರುವುದನ್ನು ಬಂಗುಡೆ ಮೀನು ನೋಡಿ ನಕ್ಕಿತು. "ಇದೆಂಥದು ಮಾರಾಯ, ಮನೆಯೊಳಗೆ ಹೋಗುವಾಗ ಬಾಲ ಮೊದಲಾ? ನೆಂಟರು ಯಾರಾದರೂ ಕಂಡರೆ ನಗುವುದಿಲ್ಲವಾ?"

ಹಾವುಮೀನಿಗೆ ಮೈಯೆಲ್ಲ ಉರಿಯಿತು. "ತಲೆ ಮೊದಲು ಹೋಗಲು ನನಗೆ ಬರುವುದಿಲ್ಲ ಅಂದುಕೊಂಡೆಯಾ? ನೋಡು!" ಎಂದು ಪೂರ್ತಿ ಹೊರಬಂದು, ಮೆತ್ತನೆಯ ಮೂತಿಯನ್ನು ಮರಳಿಗೆ ತುರುಕಿತು. ಕಣ್ಣಿಗೆ ಮರಳು, ಕಿವಿರಿಗೆ ಮರಳು. ಅರ್ಧ ಮೈ ಹೇಗೋ ಒಳಗೆ ಹೋಯಿತು, ಉಳಿದರ್ಧ ಮೇಲೆ ಒದ್ದಾಡತೊಡಗಿತು.

ಅಷ್ಟರಲ್ಲಿ ಹಸಿದ ತೊರಕೆ ಮೀನೊಂದು ಮೊರದಗಲ ಮೈ ಹರಡಿಕೊಂಡು ಬಂತು. "ತೊರಕೆ ಬಂತೋ!" ಎಂದು ಕೂಗಿ ಬಂಗುಡೆ ಪರಾರಿಯಾಯಿತು. ಹಾವುಮೀನು ಪಂಥ ಮರೆತು ತಲೆ ಕಿತ್ತುಕೊಂಡಿತು, ಗಿರಕ್ಕನೆ ತಿರುಗಿ ಬಾಲ ಊರಿತು. ತೊರಕೆ ಬಾಯಿ ಹಾಕುವಷ್ಟರಲ್ಲಿ ಸರ್ರನೆ ಒಳಗಿಳಿದಿತ್ತು. ತೊರಕೆಗೆ ಸಿಕ್ಕಿದ್ದು ಬಾಯಿ ತುಂಬ ಮರಳು.

ಅದನ್ನು ಉಗುಳುತ್ತ ತೊರಕೆ, "ಧೈರ್ಯವಿದ್ದರೆ ಹೊರಗೆ ಬಾರೋ, ಹೇಡಿ!" ಎಂದು ಗದರಿತು.

ಹಾವುಮೀನು ಕಣ್ಣೆರಡನ್ನಷ್ಟೇ ಹೊರಗಿಟ್ಟು ಹೇಳಿತು: "ಹೇಡಿ ಅನ್ನಬೇಡಿ ಸ್ವಾಮಿ. ಶತ್ರುವಿಗೆ ಬೆನ್ನು ತೋರಿಸುವುದು ನಮ್ಮ ಮನೆತನದಲ್ಲೇ ಇಲ್ಲ. ನಾವು ಓಡಿಹೋಗುವಾಗಲೂ ಮುಖ ತೋರಿಸಿಯೇ ಓಡುತ್ತೇವೆ!"